ಮಾತೇಯ್ಕಾ ಸಾಹೇಬರ ಅರ್ಧ ಬೆನ್ನು

ಮುಂಬಯಿಯ ವಡಾಲದ ನಮ್ಮ ಚಾಳಿನಲ್ಲಿ ನಲವತ್ತೆಂಟು ಖೋಲಿಗಳಿದ್ದವು, ಖೋಲಿಗೊಂದು ಸಂಸಾರ. ಆ ನಲವತ್ತೆಂಟು ಖೋಲಿಗಳಲ್ಲಿ ಇಂಗ್ಲಿಷ್ ಸರಿಯಾಗಿ ಬಲ್ಲವರು ಒಬ್ಬರೇ ಎಂಬುದು ಶೆಟ್ಟೆಪ್ಪನವರ ಅಭಿಪ್ರಾಯವಾಗಿತ್ತು. ಆ ಒಬ್ಬರು ಯಾರೆಂದು ಬಾಯಿಬಿಟ್ಟು ಹೇಳುವಷ್ಟು ಜಂಬ ಅವರಿಗಿರಲಿಲ್ಲ. ಆದರೆ ಯಾರ ಮನೆಗೆ ತಂತಿ ಬಂದರೂ, ಮನೆಯವರಿಗಿಂತ ಮೊದಲು ಅವರೇ ಕನ್ನಡಕ ಏರಿಸಿಕೊಂಡು ಆ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಮ್ಮೆ ಅವರು ಓದಿ ಹೇಳಿದ ತಂತಿಯಿಂದ ಒಂದು ಮನೆಯವರೆಲ್ಲ ಗೊಳೋ ಎಂದು ಅತ್ತು, ಮರುದಿನ ಊರಿಗೆ ಹೋಗಿ ನೋಡಿದರೆ ಅಲ್ಲಿ ನಾಮಕರಣ ನಡೆಯುತ್ತಿತ್ತು. ಇಂಥ ಒಂದೆರಡು ಸಂಗತಿಗಳಿಂದ ಶೆಟ್ಟೆಪ್ಪನವರ ಕೀರ್ತಿಗೇನೂ ಕುಂದು ಬರಲಿಲ್ಲ. ತಂತಿಯಲ್ಲೇ ತಪ್ಪಿತ್ತು ಎಂದು ಅವರು ಹೇಳಿದರು. ತಂತಿ ಇಂಗ್ಲಿಷಿನಲ್ಲಿದ್ದುದರಿಂದ ಯಾರೂ ಎದುರಾಡಲಿಲ್ಲ.

ವಿಜಾಪುರದ ಕಡೆಯವರಾದ ಶೆಟ್ಟೆಪ್ಪನವರು ಚೆಂಬೂರಿನ ಒಂದು ಡಬ್ಬಿ ಕಾರಖಾನೆಯಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದರು. ೧೯೫೬ರಲ್ಲಿ ಆ ಕಾರಖಾನೆಗೆ ಝೆಕೊಸ್ಲೊವಾಕಿಯಾದಿಂದ ತಗಡು ಒತ್ತುವ ಆನೆಯಂಥ ಒಂದು ಪ್ರೆಸ್ ಬಂತು. ಹದಿನೇಳು ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಆ ಆನೆಯನ್ನು ಜೋಡಿಸಿ ನಿಲ್ಲಿಸುವುದಕ್ಕೆ ಅಲ್ಲಿಂದಲೇ ಒಬ್ಬ ಇಂಜಿನಿಯರರೂ ಬಂದರು. ವಯಸ್ಸು ನಲವತ್ತನಾಲ್ಕು, ತಲೆ ಅರ್ಧ ಬೋಳು, ಅಗಲವಾದ ಎದೆ, ಕಡಿಮೆ ಮಾತು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ.

ಕಾರಖಾನೆಯ ಮ್ಯಾನೇಜರು ಸತ್ಯಮೂರ್ತಿ ಮೈಸೂರಿನವರು. ಬಹಳ ಶಿಸ್ತಿನ ಮನುಷ್ಯ. ಫೈಲಿನಲ್ಲಿ ಬರೆದಿರದಿದ್ದರೆ ಮಳೆ ಬಂದದ್ದನ್ನೂ ನಂಬುತ್ತಿರಲಿಲ್ಲ. ಅವರು ಶೆಟ್ಟೆಪ್ಪನವರನ್ನು ಕರೆಸಿ, “ನೋಡಿ, ಸ್ಟೋರಿನಿಂದ ಸಾಮಾನು ಕೊಡೋರು ನೀವು. ಇಂಗ್ಲಿಷ್ ಬರುತ್ತೆ ಅಂತಾನೂ ನೀವೇ ಹೇಳ್ತಾ ಇರ್ತೀರಿ. ಸಾಹೇಬರ ಜೊತೆ ನೀವೇ ಇರಿ, ಅವರಿಗೆ ಏನೂ ಕೊರತೆ ಆಗಬಾರದು” ಎಂದರು.

ಶೆಟ್ಟೆಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಹೋಗಿ ಸಾಹೇಬರ ಎದುರು ನಿಂತು, ಇಂಗ್ಲಿಷಿನಲ್ಲಿ ಹೆಸರು ಕೇಳಿದರು.

“ಮಾತೇಯ್ಕಾ” ಎಂದರು ಸಾಹೇಬರು.

ಶೆಟ್ಟೆಪ್ಪನವರಿಗೆ ಗರಬಡಿದಂತಾಯಿತು. ಪರದೇಶದಿಂದ ನಿನ್ನೆ ತಾನೇ ಬಂದ ಮನುಷ್ಯ ಅಚ್ಚ ವಿಜಾಪುರದ ಕನ್ನಡದಲ್ಲಿ ‘ಮಾತ್ಯಾಕ?’ ಎಂದು ಕೇಳುತ್ತಿದ್ದಾನಲ್ಲ! “ಮಾತ್ಯಾಕ ಅಂದ್ರ ಹೆಂಗ್ರಿ ಸಾಹೇಬ್ರ? ನಾ ಬರೇ ಹೆಸರು ಕೇಳೀನಿ” ಎಂದು ಅವರೂ ಕನ್ನಡದಲ್ಲೇ ಹೇಳಿಬಿಟ್ಟರು. ಸಾಹೇಬರು ಎದೆಯ ಮೇಲೆ ಬೆರಳಿಟ್ಟುಕೊಂಡು ಮತ್ತೆ “ಮಾತೇಯ್ಕಾ, ಮಾತೇಯ್ಕಾ” ಎಂದರು. ಅದು ಹೆಸರೇ ಎಂದು ಗೊತ್ತಾಗುವುದಕ್ಕೆ ಅವರ ಟ್ರಂಕಿನ ಮೇಲಿನ ಹೆಸರಿನ ಚೀಟಿ ನೋಡಬೇಕಾಯಿತು. ಮಾತು ಕಡಿಮೆ ಆಡುವವರಿಗೆ ಎಂಥ ಸರಿಯಾದ ಹೆಸರು ಎಂದು ಶೆಟ್ಟೆಪ್ಪನವರಿಗೆ ಅವರ ಮೇಲೆ ಆಗಲೇ ಅಭಿಮಾನ ಹುಟ್ಟಿತು.

ಮೂರನೆಯ ವಾರದ ಒಂದು ಮಧ್ಯಾಹ್ನ. ಸಾಹೇಬರು ಯಂತ್ರದ ಅಡಿಯಿಂದ ತೆವಳಿಕೊಂಡು ಹೊರಗೆ ಬಂದು, ಸೊಂಟದ ಮೇಲೆ ಎರಡೂ ಕೈಯಿಟ್ಟು, “ಆಹ್” ಎಂದು ನೆಟ್ಟಗಾದರು. ಎರಡು ಗಂಟೆ ಕಬ್ಬಿಣದ ಕೆಳಗೆ ಮಲಗಿದ ಯಾರೇ ಆದರೂ ಹಾಗೆ ಅನ್ನುತ್ತಾರೆ. ಆದರೆ ಶೆಟ್ಟೆಪ್ಪನವರು ಪರರ ಕಷ್ಟಕ್ಕೆ ಮರುಗುವ ಜೀವ. ಊಟದ ಡಬ್ಬಿ ಬಿಚ್ಚುತ್ತಿದ್ದವರು, “ಸಾಹೇಬರಿಗೆ ಏನಾದರೂ ತ್ರಾಸವೇ?” ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅನಾಹುತಕ್ಕೆಲ್ಲ ಅದೇ ಮೂಲ.

“ಈಗ ಮುದುಕ” ಎಂದು ಸಾಹೇಬರು ನಕ್ಕರು. “ಮೊದಲು ನಾನು ಹಾಫ್ ಬ್ಯಾಕ್.”

ಹಾಫ್ ಎಂದರೆ ಅರ್ಧ, ಬ್ಯಾಕ್ ಎಂದರೆ ಬೆನ್ನು. ಇದು ಶೆಟ್ಟೆಪ್ಪನವರಿಗೆ ಶಾಲೆಯಿಂದಲೂ ಗೊತ್ತಿತ್ತು. ಬಾಯಿಗೆ ಹೋಗುತ್ತಿದ್ದ ರೊಟ್ಟಿಯ ಚೂರು ನಡುದಾರಿಯಲ್ಲಿ ನಿಂತಿತು.

“ಹಾಫ್... ಬ್ಯಾಕ್?”

“ಹಾಫ್ ಬ್ಯಾಕ್. ಲೆಫ್ಟ್ ಹಾಫ್. ಹನ್ನೊಂದು ವರ್ಷ.”

ಲೆಫ್ಟ್ ಎಂದರೆ ಎಡಗಡೆ. ಬಿಟ್ಟುಹೋಯಿತು ಎಂದೂ ಆಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಶೆಟ್ಟೆಪ್ಪನವರು ಒಂದೇ ಕಡೆಗೆ ಹೋಗಿ ಮುಟ್ಟುತ್ತಿದ್ದರು. ಹನ್ನೊಂದು ವರ್ಷ ಎಡಗಡೆಯ ಅರ್ಧ ಬೆನ್ನಿಲ್ಲದೆ ಬದುಕಿದ ಮನುಷ್ಯ! ಮೊದಲೇ ಅರ್ಧವೆಂದ ಮೇಲೆ ಈಗ ಎಷ್ಟು ಉಳಿದಿದೆಯೋ!

“ಪ್ರತಿ ಭಾನುವಾರ ಮೂವತ್ತು ಸಾವಿರ ಜನ” ಎಂದರು ಸಾಹೇಬರು. ಅಷ್ಟು ಮಾತು ಅವರು ಮುಂಬಯಿಗೆ ಬಂದ ಮೇಲೆ ಆಡಿರಲೇ ಇಲ್ಲ. “ನನ್ನನ್ನು ನೋಡುವುದಕ್ಕೆ.”

“ನೋಡಿ ಏನು ಮಾಡುತ್ತಿದ್ದರು?”

“ಕೂಗುತ್ತಿದ್ದರು. ಕೆಲವರು ಅಳುತ್ತಿದ್ದರು. ಎರಡು ಸಲ ಹೆಗಲ ಮೇಲೆ ಹೊತ್ತುಕೊಂಡು ಹೋದರು.”

“ಅಯ್ಯೋ ಶಿವನೇ!”

“ವಿಯೆನ್ನಾದವರು ಮಾತ್ರ ಕೆಟ್ಟವರು. ಒದ್ದರು. ಬಿದ್ದೆ. ಎದ್ದೆ. ಮತ್ತೆ ಒದ್ದರು. ಬುಡಾಪೆಸ್ಟಿನಲ್ಲೂ ಒದ್ದರು.” ಇದನ್ನು ಹೇಳುವಾಗ ಸಾಹೇಬರ ಮುಖದಲ್ಲಿ ಹಬ್ಬದ ಕಳೆಯಿತ್ತು.

ಫುಟ್‌ಬಾಲ್ ಎಂಬ ಶಬ್ದವನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಹಾಫ್ ಬ್ಯಾಕ್ ಎಂದ ಮೇಲೆ ಅದನ್ನು ಬೇರೆ ಹೇಳಬೇಕಾದೀತು ಎಂದು ಅವರಿಗೆ ಹೇಗೆ ಹೊಳೆಯಬೇಕು? ಇತ್ತ ಶೆಟ್ಟೆಪ್ಪನವರು ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದವರಲ್ಲ. ಅವರ ಕಣ್ಣಲ್ಲಿ ನೀರು ಬಂದಿತ್ತು.

“ಈಗ ಇಲ್ಲಿ ಭಾನುವಾರ ಏನು ಮಾಡುತ್ತೀರಿ ಸಾಹೇಬರೇ?”

ಸಾಹೇಬರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡರು. “ಏನೂ ಇಲ್ಲ” ಎಂದರು. “ಕಿಟಕಿ ಇದೆ.”

ಆ ಸಂಜೆ ಹಾರ್ಬರ್ ಲೈನಿನ ಲೋಕಲಿನಲ್ಲಿ ನೇತಾಡಿಕೊಂಡು ಬಂದ ಶೆಟ್ಟೆಪ್ಪನವರು ಚಪ್ಪಲಿ ಬಿಡುವ ಮೊದಲೇ ಹೆಂಡತಿ ದಾನವ್ವನಿಗೆ ಎಲ್ಲ ಹೇಳಿದರು. “ಅವರ ದೇಶದಾಗ ಮೂವತ್ತು ಸಾವಿರ ಮಂದಿ ಪ್ರತಿ ಆಯ್ತವಾರ ನೋಡಾಕ ಬರ್ತಿದ್ರಂತ. ನಮ್ಮ ಮುಂಬೈದಾಗ ಒಂದು ನರಪಿಳ್ಳಿ ಹೋಗಿಲ್ಲ. ಕಿಡಕಿ ನೋಡ್ಕೋತ ಕುಂದರ್ತಾರ. ನಮ್ಮ ಮಾನ ಏನ್ ಉಳೀತು?”

ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒದ್ರಂತ್ರೀ? ಬೆನ್ನಿಲ್ಲದಾವ್ಗ ಒದ್ರಂತ? ಕೈಯರ ಹೆಂಗ ಬಂತು ಅವರಿಗೆ?”

“ಕೈಯಲ್ಲ, ಕಾಲು” ಎಂದರು ಶೆಟ್ಟೆಪ್ಪನವರು, ಎಲ್ಲದರಲ್ಲೂ ನಿಖರವಾಗಿರಬೇಕೆನ್ನುವವರು.

ಬಾಜೂ ಖೋಲಿಯ ರುದ್ರವ್ವ ಈ ಮಾತು ಕೇಳಿದಳು. ಚಾಳಿನ ಗೋಡೆಗಳು ಇದ್ದದ್ದೇ ಕೇಳುವುದಕ್ಕೆ. ಎಪ್ಪತ್ತು ವರ್ಷದ ರುದ್ರವ್ವ ಎಣ್ಣೆ ಹಚ್ಚಿ ನೀವುವುದರಲ್ಲಿ ಪಳಗಿದ ಕೈ. ಬಾಣಂತಿಯ ಸೊಂಟವಿರಲಿ, ಹಮಾಲರ ಹೆಗಲಿರಲಿ, ಬಿಡುತ್ತಿರಲಿಲ್ಲ. ಅವಳ ಕೈಗೆ ಸಿಕ್ಕವರು ನೋವಿನಿಂದ ಗುಣವಾಗುತ್ತಿದ್ದರೋ ಅವಳಿಗೆ ಹೆದರಿ ಗುಣವಾಗುತ್ತಿದ್ದರೋ ಎಂಬ ಬಗ್ಗೆ ಚಾಳಿನಲ್ಲಿ ಎರಡು ಪಕ್ಷಗಳಿದ್ದವು. “ಆಯ್ತವಾರ ಹೋಗೂಣು ನಡೀರಿ” ಎಂದು ಗೋಡೆಯ ಆಚೆಯಿಂದಲೇ ತೀರ್ಮಾನ ಬಂತು.

ಸಾಹೇಬರಿಗೆ ಚೆಂಬೂರು ಸ್ಟೇಷನ್ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ಕಂಪನಿ ಖೋಲಿ ಹಿಡಿದುಕೊಟ್ಟಿತ್ತು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಶೆಟ್ಟೆಪ್ಪನವರು, ರೊಟ್ಟಿಯ ಗಂಟು ಹಿಡಿದ ದಾನವ್ವ, ಎಣ್ಣೆಯ ಗಡಿಗೆ ಹಿಡಿದ ರುದ್ರವ್ವ. ಸಾಹೇಬರು ಬನಿಯನ್ನಿನಲ್ಲೇ ನಮಸ್ಕಾರ ಮಾಡಿದರು.

“ಬೋರಲಾಗಿ ಮಲಗಂತ ಹೇಳು” ಎಂದಳು ರುದ್ರವ್ವ.

ಶೆಟ್ಟೆಪ್ಪನವರು ಅದನ್ನು ಭಾಷಾಂತರಿಸಿದರು: “ಸರ್, ಫಾಲ್ ಡೌನ್ ಪ್ಲೀಸ್. ಕಸ್ಟಮ್.”

ಪದ್ಧತಿ ಎಂದ ಮೇಲೆ ಅತಿಥಿಯಾದವನು ಇಲ್ಲವೆನ್ನಲಾಗದು. ಸಾಹೇಬರು ಚಾಪೆಯ ಮೇಲೆ ಬೋರಲಾಗಿ ಮಲಗಿದರು. ರುದ್ರವ್ವ ಬೆನ್ನಿನ ಉದ್ದಗಲಕ್ಕೂ ಬೆರಳಾಡಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

“ಶೆಟ್ಟೆಪ್ಪಾ, ಎರಡೂ ಬಾಜು ಸಮ ಐತಲ್ಲೋ.”

“ಹೊರಗ ಹಂಗ ಕಾಣ್ತೈತಿ ಆಯಿ. ಒಳಗಿಲ್ಲ. ಅವರ ಕಡೆ ಡಾಕ್ಟರು ಭಾಳ ಶಾಣ್ಯಾರು, ಒಳಗ ಏನರ ತುಂಬಿರ್ತಾರ.”

ರುದ್ರವ್ವನಿಗೆ ಒಪ್ಪಿಗೆಯಾಯಿತು. ತುಂಬಿದ್ದು ಅಲುಗಾಡದಂತೆ ಎಡಗಡೆಗೆ ಮೆತ್ತಗೆ, ಬಲಗಡೆಗೆ ಜೋರಾಗಿ, ಮುಕ್ಕಾಲು ಗಂಟೆ ತಿಕ್ಕಿದಳು. ಎದ್ದ ಮೇಲೆ ಸಾಹೇಬರ ಮೈಯೆಲ್ಲ ತಾಮ್ರದ ಕೊಡದಂತೆ ಹೊಳೆಯುತ್ತಿತ್ತು. ದಾನವ್ವ ಬಡಿಸಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಮೂಗಿನಿಂದಲೂ ಕಣ್ಣಿನಿಂದಲೂ ನೀರು ಸುರಿಸುತ್ತ ಪೂರ್ತಿ ತಿಂದರು. ಬಂದವರು ಹೊರಡುವಾಗ, “ಮುಂದಿನ ಭಾನುವಾರವೂ ಈ ಪದ್ಧತಿ ಇದೆಯೇ?” ಎಂದು ಕೇಳಿದರು. ಇದೆ ಎಂದು ಶೆಟ್ಟೆಪ್ಪನವರು ಚಾಳಿನ ಪರವಾಗಿ ಮಾತು ಕೊಟ್ಟರು.

ಎರಡು ತಿಂಗಳೊಳಗೆ ಸಾಹೇಬರನ್ನು ನೋಡಿಕೊಂಡು ಬರುವುದು ನಮ್ಮ ಚಾಳಿನವರ ನೇಮವಾಯಿತು. ಮೂವತ್ತು ಸಾವಿರದ ಲೆಕ್ಕಕ್ಕೆ ನಾವು ಮುಟ್ಟುವಂತಿರಲಿಲ್ಲ, ಆದರೆ ಪ್ರಯತ್ನದಲ್ಲಿ ಕೊರತೆ ಮಾಡಲಿಲ್ಲ. ಬಡಗಿ ಬಸವಂತಪ್ಪ ಎಡಗಡೆ ದಪ್ಪ ದಿಂಬು ಕಟ್ಟಿದ ಒಂದು ಕುರ್ಚಿ ಮಾಡಿಕೊಟ್ಟ. ಅದರಲ್ಲಿ ಕುಳಿತರೆ ಸಾಹೇಬರು ಬಲಕ್ಕೆ ವಾಲುತ್ತಿದ್ದರು. ವಾಲಿದ್ದನ್ನು ನೋಡಿ ಜನ, ಪಾಪ, ಆ ಕಡೆ ಮಾತ್ರ ಬೆನ್ನಿದೆಯಲ್ಲ, ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದ ಚಂಪಾ ದೃಷ್ಟಿ ತೆಗೆದಳು. ಸಾಹೇಬರನ್ನು ಚಾಳಿಗೆ ಕರೆತರಲು ಲೋಕಲ್ ಹತ್ತುವಾಗ ಶೆಟ್ಟೆಪ್ಪನವರು ಮುಂದೆ ನುಗ್ಗಿ, “ಬಾಜೂ ಹೋ ಜಾವ್! ಸಾಬ್ ಕಾ ಆಧಾ ಪೀಠ್ ನಹೀ ಹೈ!” ಎಂದು ಹಿಂದಿಯಲ್ಲಿ ಕೂಗಿ, ಸಾಹೇಬರಿಗೆ ಅರ್ಧ ಬೆನ್ನಿಲ್ಲವೆಂದು ಸಾರುತ್ತಿದ್ದರು. ರೈಲು ಡಬ್ಬಿಯಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಮರಾಠಿ ಮುದುಕರೊಬ್ಬರಂತೂ “ಅರೇರೇ, ಬಿಚಾರಾ!” ಎಂದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟು, ಕುರ್ಲಾ ಬರುವವರೆಗೂ ಕಣ್ಣು ಮಿಟುಕಿಸದೆ ಸಾಹೇಬರ ಬೆನ್ನನ್ನೇ ನೋಡಿದರು. ಮುಂಬಯಿಯ ಜನ ಪರದೇಶಿಯರನ್ನು ಇಷ್ಟು ಗೌರವಿಸುತ್ತಾರೆಂದು ಸಾಹೇಬರಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ತಲೆಬಾಗಿ ವಂದಿಸುತ್ತಿದ್ದರು. ಯಂತ್ರ ಜೋಡಿಸುವಾಗ ಸೀಟಿ ಹಾಕುವುದನ್ನೂ ಶುರುಮಾಡಿದರು.

ಸುದ್ದಿ ಸತ್ಯಮೂರ್ತಿಗಳ ಕಿವಿಗೂ ಬಿತ್ತು. ಅವರು ಗಾಬರಿಯಾದರು. ಅರ್ಧ ಬೆನ್ನಿನ ಮನುಷ್ಯ ಯಂತ್ರದ ಅಡಿಯಲ್ಲಿ ತೆವಳುತ್ತಿದ್ದಾನೆ, ನಾಳೆ ಏನಾದರೂ ಆದರೆ ಹೊಣೆ ಯಾರು? ಆದರೂ ಅವರು ಗಾಳಿಮಾತಿನ ಮೇಲೆ ಕ್ರಮ ಕೈಗೊಳ್ಳುವವರಲ್ಲ. ಸಾಹೇಬರನ್ನು ಕೋಣೆಗೆ ಕರೆಸಿ, ಚಹಾ ತರಿಸಿ, ಬಹಳ ನಯವಾಗಿ ಕೇಳಿದರು: “ಕ್ಷಮಿಸಬೇಕು. ಹಾಫ್ ಬ್ಯಾಕ್ ವಿಷಯ ಕೇಳಿದೆ. ನಿಜವೇ?”

ಸಾಹೇಬರ ಮುಖ ಅರಳಿತು. “ಹೌದು! ಲೆಫ್ಟ್ ಹಾಫ್! ನಿಮಗೆ ಯಾರು ಹೇಳಿದರು?”

“ಬಹಳ ವರ್ಷದಿಂದಲೇ?”

“ಹನ್ನೊಂದು ವರ್ಷ. ನನ್ನ ಜೀವನದಲ್ಲಿ ಅತ್ಯಂತ ಸುಖದ ವರ್ಷಗಳು.”

ಸತ್ಯಮೂರ್ತಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಮಹಾತ್ಮರನ್ನು ಅವರು ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ಹೀಗೆ ಮೇಜಿನ ಆಚೆ ಕುಳಿತು ಚಹಾ ಕುಡಿಯುವುದನ್ನು ಕಂಡಿರಲಿಲ್ಲ. ಸಾಹೇಬರು ಹೋದೊಡನೆ ಶೆಟ್ಟೆಪ್ಪನವರಿಂದ ಒಂದು ವರದಿ ಬರೆಸಿ ರುಜು ಹಾಕಿಸಿಕೊಂಡರು. ಯಂತ್ರ ಮಾರಿದ ಕಂಪನಿಯ ಏಜೆಂಟರು ಕಲಕತ್ತೆಯಲ್ಲಿದ್ದರು. ‘ಇಂಜಿನಿಯರರ ಬೆನ್ನಿನ ಎಡ ಅರ್ಧಭಾಗ ಇಲ್ಲದಿರುವುದರಿಂದ ಅವರನ್ನು ಸಗೌರವವಾಗಿ ಹಿಂದಕ್ಕೆ ಕರೆಸಿಕೊಂಡು ಪೂರ್ತಿ ಬೆನ್ನಿರುವ ಒಬ್ಬರನ್ನು ಕಳಿಸತಕ್ಕದ್ದು’ ಎಂದು ಅವರಿಗೆ ತಂತಿ ಹೋಯಿತು. ಐದನೆಯ ದಿನ ಉತ್ತರವೂ ಬಂತು. ತಿಂಗಳ ಕೊನೆಗೆ ಬೇರೆಯವರು ಬರುತ್ತಾರೆ, ಮಾತೇಯ್ಕಾ ಮೊದಲ ಹಡಗಿಗೆ ಹೊರಡಲಿ.

ಆ ಉತ್ತರದ ಜೊತೆಗೆ ಇಡಬೇಕಾದ ಕಾಗದಗಳನ್ನು ಟೈಪ್ ಮಾಡಲು ಕುಳಿತವನು ನಾಣಿ, ಬೆಂಗಳೂರಿನವನು, ಕಾರಖಾನೆಯ ಫುಟ್‌ಬಾಲ್ ತಂಡದ ಕ್ಯಾಪ್ಟನ್. ವರ್ಷವರ್ಷವೂ ಸೋಲುವ ತಂಡಕ್ಕೆ ಬೇರೆ ಯಾರೂ ಕ್ಯಾಪ್ಟನ್ ಆಗಲು ಒಪ್ಪದ್ದರಿಂದ ಅವನೇ ಆಗಿದ್ದ. ಶೆಟ್ಟೆಪ್ಪನವರ ವರದಿಯನ್ನು ಅವನು ಒಂದು ಸಲ ಓದಿದ. ಎರಡನೆಯ ಸಲ ಓದಿದ. ಎದ್ದು ಸ್ಟೋರಿಗೆ ಓಡಿದ.

“ಶೆಟ್ಟೆಪ್ಪನೋರೇ, ಇದೇನ್ರಿ ಬರೆದಿದ್ದೀರಾ? ಮೂವತ್ತು ಸಾವಿರ ಜನ, ವಿಯೆನ್ನಾದಲ್ಲಿ ಒದ್ದರು, ಲೆಫ್ಟ್ ಹಾಫ್...”

“ಪಾಪ, ಕೇಳಿದ್ರ ಕರುಳು ಕಿತ್ತು ಬರ್ತೈತಿ” ಎಂದರು ಶೆಟ್ಟೆಪ್ಪನವರು.

“ಕರುಳೂ ಇಲ್ಲ, ಬೆನ್ನೂ ಇಲ್ಲ! ಹಾಫ್ ಬ್ಯಾಕ್ ಅಂದ್ರೆ ಫುಟ್‌ಬಾಲಿನಲ್ಲಿ ಒಂದು ಜಾಗ ಕಣ್ರಿ! ಮೈದಾನದ ಮಧ್ಯೆ ಆಡೋನು! ಹನ್ನೊಂದು ವರ್ಷ ಅಂದ್ರೆ ಅವರು ದೊಡ್ಡ ಆಟಗಾರರು! ಅಯ್ಯೋ, ಇಂಥವರನ್ನ ಇಟ್ಕೊಂಡು ನಾವು ಹೋದ ವರ್ಷ ಒಂಬತ್ತು ಗೋಲು ತಿಂದ್ವಲ್ಲ!” ಹೋದ ವರ್ಷ ಸಾಹೇಬರು ಇನ್ನೂ ಬಂದಿರಲಿಲ್ಲ ಎಂಬುದು ಆ ಉದ್ವೇಗದಲ್ಲಿ ನಾಣಿಗೆ ನೆನಪಾಗಲಿಲ್ಲ.

ಶೆಟ್ಟೆಪ್ಪನವರು ಬೋಲ್ಟಿನ ಚೀಲದ ಮೇಲೆ ಕುಸಿದು ಕುಳಿತರು. ಮೂವತ್ತು ಸಾವಿರ ಜನ ಯಾಕೆ ಬರುತ್ತಿದ್ದರು, ಯಾಕೆ ಕೂಗುತ್ತಿದ್ದರು, ಯಾಕೆ ಹೊರುತ್ತಿದ್ದರು, ಎಲ್ಲವೂ ಒಂದೊಂದಾಗಿ ತಲೆಯೊಳಗೆ ಮಗುಚಿಕೊಂಡವು.

ಅವರು ನೆಟ್ಟಗೆ ಸತ್ಯಮೂರ್ತಿಗಳ ಕೋಣೆಗೆ ಹೋದರು. ಕಂಡದ್ದನ್ನು ಕಂಡಂತೆ ಹೇಳಿದರು. ಸತ್ಯಮೂರ್ತಿಗಳು ಫೈಲು ತೆರೆದಿಟ್ಟರು.

“ಇಲ್ಲಿ ಬೆನ್ನು ಅರ್ಧ ಅಂತ ಇದೆ. ನೀವೇ ರುಜು ಹಾಕಿದ್ದೀರಿ.”

“ಹೌದ್ರಿ.”

“ಇವತ್ತು ಪೂರ್ತಿ ಇದೆ ಅಂತೀರಿ. ನಾಳೆ ಬಂದು ಎರಡು ಬೆನ್ನಿದೆ ಅಂತೀರಿ. ಏಜೆಂಟರಿಗೆ ನಾನು ಏನಂತ ತಂತಿ ಕೊಡಲಿ? ಬೆನ್ನು ಬೆಳೆಯಿತು ಅಂತಲೇ?” ಅವರು ಫೈಲು ಮುಚ್ಚಿದರು. “ಸುಳ್ಳು ವರದಿ ಕೊಟ್ಟವರನ್ನ ಕೆಲಸದಲ್ಲಿ ಇಟ್ಕೊಳ್ಳೋಕೆ ಆಗಲ್ಲ ಶೆಟ್ಟೆಪ್ಪನೋರೇ. ನಾನೇ ಕಣ್ಣಾರೆ ನೋಡದೆ ಇನ್ನೊಂದು ಅಕ್ಷರವೂ ಈ ಫೈಲಿಗೆ ಸೇರಲ್ಲ.”

ನಾಣಿ ಬಾಗಿಲಲ್ಲಿ ನಿಂತಿದ್ದ. “ಸಾರ್, ಭಾನುವಾರ ವಡಾಲ ಮೈದಾನದಲ್ಲಿ ಗೋದಿಯವರ ಜೊತೆ ನಮ್ಮ ಮ್ಯಾಚಿದೆ. ಸಾಹೇಬರನ್ನ ಆಡಿಸ್ತೀವಿ, ತಾವೇ ಬಂದು ನೋಡಿ” ಎಂದ. ಗೋದಿ ಎಂದರೆ ಹಡಗುಕಟ್ಟೆ; ಗೋದಿಯವರು ಎಂದರೆ ಹಡಗಿನಿಂದ ಮೂಟೆ ಇಳಿಸುವ ಹಮಾಲರ ತಂಡ, ಹೋದ ವರ್ಷದ ಒಂಬತ್ತು ಗೋಲು ಅವರದೇ.

ಇನ್ನು ಸಾಹೇಬರ ಮುಂದೆ ಹೋಗಿ ನಿಲ್ಲಬೇಕಾಗಿತ್ತು. ಶೆಟ್ಟೆಪ್ಪನವರು ಅಂದು ಸಂಜೆ ಒಬ್ಬರೇ ಚೆಂಬೂರಿನ ಖೋಲಿಗೆ ಹೋದರು. ಸಾಹೇಬರು ಕಲಕತ್ತೆಯ ತಂತಿಯನ್ನು ಮಂಚದ ಮೇಲಿಟ್ಟುಕೊಂಡು, ಬಟ್ಟೆಗಳನ್ನು ಟ್ರಂಕಿಗೆ ತುಂಬುತ್ತಿದ್ದರು.

“ನನ್ನ ಕೆಲಸ ಸರಿ ಇರಲಿಲ್ಲವೇ?” ಎಂದು ಕೇಳಿದರು. ಬೇರೇನೂ ಕೇಳಲಿಲ್ಲ.

ಶೆಟ್ಟೆಪ್ಪನವರು ತಮಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದರು. ಅದು ತೀರಾ ಕಡಿಮೆಯಿದೆ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಬೆನ್ನು ಮುಟ್ಟಿ ತೋರಿಸಿದರು, ಅರ್ಧಕ್ಕೆ ಕೈಯಡ್ಡ ಹಿಡಿದು ತೋರಿಸಿದರು, ಎಣ್ಣೆ ತಿಕ್ಕಿ ತೋರಿಸಿದರು, ಬಸವಂತಪ್ಪನ ಕುರ್ಚಿಯ ಎಡದಿಂಬು ಕಿತ್ತು ತೋರಿಸಿದರು, ಭಾನುವಾರದ ಮ್ಯಾಚಿನ ಮಾತನ್ನೂ ಹೇಳಿದರು, ಕೊನೆಗೆ ಕಿವಿ ಹಿಡಿದುಕೊಂಡು ನಿಂತರು.

ಸಾಹೇಬರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗು ಶುರುವಾಯಿತು. ನಗುತ್ತ ಮಂಚದ ಮೇಲೆ ಕುಳಿತರು, ಮಂಚದಿಂದ ಜಾರಿ ನೆಲದ ಮೇಲೆ ಕುಳಿತರು. ಮೇಲಿನ ಮಾಳಿಗೆಯ ಸುಬ್ಬಲಕ್ಷ್ಮಿ ಎಂಬ ಹೆಂಗಸು ಇಳಿದುಬಂದು, “ಪಾಪ, ಬೆನ್ನುನೋವು ಜಾಸ್ತಿಯಾಯ್ತೇನೋ, ಒದ್ದಾಡ್ತಿದ್ದಾರೆ” ಎಂದು ಬಿಸಿನೀರಿನ ಚೀಲ ಕೊಟ್ಟುಹೋದಳು. ಅದರಿಂದ ಸಾಹೇಬರ ನಗು ಇನ್ನೂ ಜಾಸ್ತಿಯಾಯಿತು.

“ಎಲ್ಲರೂ?” ಎಂದು ಕಣ್ಣೊರೆಸಿಕೊಂಡು ಕೇಳಿದರು. “ರೊಟ್ಟಿ, ಎಣ್ಣೆ, ಕುರ್ಚಿ, ರೈಲಿನ ಜನ, ಎಲ್ಲರೂ ಬೆನ್ನಿಗೋಸ್ಕರ?”

“ಎಲ್ಲರೂ ಸರ್. ಸಾರಿ ಸರ್.”

ಸಾಹೇಬರು ಟ್ರಂಕಿನಿಂದ ಬಟ್ಟೆಗಳನ್ನು ತೆಗೆದು ಮತ್ತೆ ಗೂಟಕ್ಕೆ ಹಾಕತೊಡಗಿದರು. “ಭಾನುವಾರ ಎಷ್ಟು ಗಂಟೆಗೆ?” ಎಂದರು.

ಭಾನುವಾರ ಚಾಳಿಗೆ ಚಾಳೇ ಮೈದಾನದಲ್ಲಿತ್ತು. ಶೆಟ್ಟೆಪ್ಪನವರು ಮನೆಮನೆಗೆ ಹೋಗಿ ನಿಜವನ್ನು ಹೇಳಿದ್ದರೂ ಅರ್ಧ ಜನ ನಂಬಿರಲಿಲ್ಲ. ರುದ್ರವ್ವ ಖಂಡಿತ ನಂಬಿರಲಿಲ್ಲ. “ಮೂರು ತಿಂಗಳಾತು ನಾ ತಿಕ್ಕಾಕ ಹತ್ತಿ. ಬೆನ್ನು ಈಗ ಕೂಡೇತಿ. ಅದಕ್ಕ ಆಡಾಕತ್ತಾನ” ಎಂದು ಎಣ್ಣೆಯ ಗಡಿಗೆಯ ಸಮೇತ ಬಂದು ಗೆರೆಯ ಪಕ್ಕದಲ್ಲಿ ಕುಳಿತಳು. ಸತ್ಯಮೂರ್ತಿಗಳು ಕೋಟು, ರುಮಾಲು, ಕೊಡೆ, ನೋಟ್‌ಬುಕ್ಕುಗಳೊಂದಿಗೆ ಕುರ್ಚಿಯ ಮೇಲೆ ಆಸೀನರಾದರು. ಯಾರದೋ ಚಡ್ಡಿ ತೊಟ್ಟು ಸಾಹೇಬರು ಮೈದಾನಕ್ಕಿಳಿದಾಗ, ‘೪:೦೫. ನೆಟ್ಟಗೆ ನಡೆಯುತ್ತಿದ್ದಾರೆ’ ಎಂದು ಬರೆದುಕೊಂಡರು.

ಆಟ ಶುರುವಾಯಿತು. ನಾವೆಲ್ಲ ಏನೋ ಸಿಡಿಲುಮರಿಯಂಥದನ್ನು ಎದುರುನೋಡುತ್ತಿದ್ದೆವು. ಸಾಹೇಬರು ಓಡಲೇ ಇಲ್ಲ. ಮೈದಾನದ ಮಧ್ಯೆ ಎಡಗಡೆಗೆ ಸುಮ್ಮನೆ ಅಡ್ಡಾಡುತ್ತಿದ್ದರು, ಸಂಜೆ ತಿರುಗಾಡಲು ಬಂದವರ ಹಾಗೆ. ಆದರೆ ಚೆಂಡು ಹೇಗೋ ಅವರಿದ್ದಲ್ಲಿಗೇ ಬರುತ್ತಿತ್ತು. ಬಂದದ್ದನ್ನು ಅವರು ಒಂದು ಸಲ ತಟ್ಟಿ ನಿಲ್ಲಿಸಿ, ತಲೆಯೆತ್ತಿ ನೋಡಿ, ಎಲ್ಲಿ ಯಾರೂ ಇಲ್ಲವೋ ಅಲ್ಲಿಗೆ ಕಳಿಸುತ್ತಿದ್ದರು. ಚೆಂಡು ಅಲ್ಲಿಗೆ ಹೋಗುವಷ್ಟರಲ್ಲಿ ನಾಣಿಯೋ ಇನ್ನೊಬ್ಬನೋ ಅಲ್ಲಿ ಹಾಜರಿರುತ್ತಿದ್ದ. ಗೋದಿಯ ಹಮಾಲರು ಹಿಂದೆಮುಂದೆ ಓಡಿ ಓಡಿ ಬೆವೆತುಹೋದರು. ಅರ್ಧ ಗಂಟೆಯೊಳಗೆ ನಾಣಿ ಜನ್ಮದ ಮೊದಲ ಗೋಲು ಹೊಡೆದ. ಹೊಡೆದದ್ದು ತಾನೇ ಎಂದು ಖಾತ್ರಿಯಾಗುವುದಕ್ಕೆ ರೆಫರಿಯನ್ನು ಕೇಳಿದ.

ಆಗ ಎದುರು ತಂಡದ ಒಬ್ಬ ಗುಡ್ಡದಂಥ ಆಸಾಮಿ ಬಂದು ಸಾಹೇಬರಿಗೆ ಡಿಕ್ಕಿ ಹೊಡೆದ. ಸಾಹೇಬರು ಅಂಗಾತ ಬಿದ್ದರು.

“ಒದ್ದಾ! ಒದ್ದಾ!” ಎಂದು ದಾನವ್ವ ಚೀರಿದಳು. ಅವಳು ಚೀರುವಷ್ಟರಲ್ಲಿ ರುದ್ರವ್ವ ಮೈದಾನದ ನಟ್ಟನಡುವೆ ಇದ್ದಳು. ಎಪ್ಪತ್ತರ ಕಾಲುಗಳು ಅಷ್ಟು ಬೇಗ ಹೇಗೆ ಹೋದವೋ ಯಾರಿಗೂ ತಿಳಿಯದು. “ಯಾವ ಭಾಡ್ಯಾ ಅಂವಾ? ಕೂಡಿದ ಬೆನ್ನು ಮತ್ತ ಮುರೀತೀ?” ಎಂದು ಗುಡ್ಡದಂಥವನ ಎದುರು ಸೆರಗು ಬಿಗಿದು ನಿಂತಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ರೆಫರಿ ಸೀಟಿ ಊದಿ, “ಬಾಯೀ, ಬಾಹರ್ ಜಾವ್!” ಎಂದ. “ಮೊದಲ ಇವನ್ನ ಬಾಹರ ಕಳಿಸು” ಎಂದಳು ರುದ್ರವ್ವ. ಸಾಹೇಬರೇ ಎದ್ದು ಧೂಳು ಕೊಡವಿಕೊಂಡು, ಅವಳ ತೋಳು ಹಿಡಿದು ಗೆರೆಯ ತನಕ ಬಿಟ್ಟುಬಂದರು. ‘೪:೩೮. ಬಿದ್ದರು. ೪:೩೯. ಯಾರ ಸಹಾಯವೂ ಇಲ್ಲದೆ ಎದ್ದರು. ಒಬ್ಬ ಮುದುಕಿಗೆ ತಾವೇ ಸಹಾಯ ಮಾಡಿದರು’ ಎಂದು ಸತ್ಯಮೂರ್ತಿಗಳು ಬರೆದರು.

ಕೊನೆಗೆ ನಮ್ಮವರು ಎರಡಕ್ಕೆ ಮೂರು ಗೋಲಿನಿಂದ ಸೋತರು. ಒಂಬತ್ತು ತಿಂದಿದ್ದವರಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕೆ? ನಾಣಿಯ ತಂಡದವರು ಸಾಹೇಬರನ್ನು ಹೆಗಲ ಮೇಲೆ ಹೊತ್ತುಕೊಂಡು ಮೈದಾನ ಸುತ್ತಿದರು. ಗೆದ್ದ ಹಮಾಲರು ಏನೂ ತಿಳಿಯದೆ ನಿಂತು ಚಪ್ಪಾಳೆ ಹೊಡೆದರು.

ಸತ್ಯಮೂರ್ತಿಗಳು ಎದ್ದು ಶೆಟ್ಟೆಪ್ಪನವರನ್ನು ಹತ್ತಿರ ಕರೆದರು. ನೋಟ್‌ಬುಕ್ಕನ್ನು ಕೈಗೆ ಕೊಟ್ಟು, “ಕೊನೇ ಸಾಲು ಓದಿ” ಎಂದರು. ‘ಬೆನ್ನು: ಪೂರ್ತಿ’ ಎಂದಿತ್ತು. “ನಾಳೆ ಬೆಳಿಗ್ಗೆ ತಂತಿ ಹೋಗುತ್ತೆ. ಇವರೇ ಇರಲಿ, ಬೇರೆ ಯಾರೂ ಬೇಡ ಅಂತ. ನಿಮ್ಮ ವರದಿ...” ಎಂದು ಒಂದು ಕ್ಷಣ ತಡೆದು, “ಫೈಲಿಂದ ಬಿದ್ದುಹೋಗಿದೆ. ಗಾಳಿ ಜಾಸ್ತಿ ಇತ್ತು” ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ಸತ್ಯಮೂರ್ತಿಗಳ ಫೈಲಿನಿಂದ ಬಿದ್ದುಹೋದ ಒಂದೇ ಕಾಗದ ಅದು. ಶೆಟ್ಟೆಪ್ಪನವರು ಕೈ ಮುಗಿದರು. ಮಾತು ಹೊರಡಲಿಲ್ಲ, ಕನ್ನಡದಲ್ಲಿ ಕೂಡ.

ಅಷ್ಟರಲ್ಲಿ ಸಾಹೇಬರು ಹೆಗಲಿನಿಂದಿಳಿದು ನಮ್ಮ ಚಾಳಿನವರ ಎದುರಿಗೆ ಬಂದು ನಿಂತರು. ಏನೋ ಹೇಳಬೇಕೆಂದಿದ್ದಾರೆ ಎಂದು ಎಲ್ಲರಿಗೂ ತಿಳಿಯಿತು, ಗದ್ದಲ ನಿಂತಿತು. ಶೆಟ್ಟೆಪ್ಪನವರು ಪಕ್ಕದಲ್ಲಿ ನಿಂತರು, ಅವರ ಪಕ್ಕದಲ್ಲಿ ನಾಣಿಯನ್ನು ನಿಲ್ಲಿಸಿಕೊಂಡರು. ಒಂದೊಂದು ವಾಕ್ಯವನ್ನೂ ನಾಣಿಯ ಕಿವಿಯಲ್ಲಿ ಹೇಳಿ, ಅವನು ತಲೆಯಾಡಿಸಿದ ಮೇಲೆಯೇ ಜನರಿಗೆ ಹೇಳಿದರು.

“ನಾನು ಹನ್ನೊಂದು ವರ್ಷ ಆಡಿದೆ” ಎಂದರು ಸಾಹೇಬರು. “ಮೂವತ್ತು ಸಾವಿರ ಜನ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಕೊನೆಯ ಆಟದಲ್ಲಿ ಮೊಣಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಆರು ವಾರ ಮಲಗಿದ್ದೆ. ಮೂವತ್ತು ಸಾವಿರದಲ್ಲಿ ನೋಡಲು ಬಂದವರು ನಾಲ್ಕು ಜನ. ಅದರಲ್ಲಿ ಒಬ್ಬ ಬೂಟು ವಾಪಸು ಕೇಳುವುದಕ್ಕೆ ಬಂದಿದ್ದ.”

ಜನ ನಕ್ಕರು. ಸಾಹೇಬರೂ ನಕ್ಕರು.

“ಇಲ್ಲಿ ನನಗೆ ಏನೂ ಆಗಿರಲಿಲ್ಲ” ಎಂದರು. “ನೀವೆಲ್ಲ ಬಂದಿರಿ.”

ಇದನ್ನು ಶೆಟ್ಟೆಪ್ಪನವರು ನಾಣಿಯನ್ನು ಕೇಳದೆಯೇ ಜನರಿಗೆ ಹೇಳಿದರು. ನಾಣಿ ತಲೆಯಾಡಿಸುವುದನ್ನು ಮರೆತು ಬೇರೆ ಕಡೆ ನೋಡುತ್ತಿದ್ದ. ದಾನವ್ವನ ಸೆರಗು ಕಣ್ಣಿಗೆ ಹೋಗಿತ್ತು.

“ಏ ಶೆಟ್ಟೆಪ್ಪಾ” ಎಂದಳು ರುದ್ರವ್ವ ಕುಳಿತಲ್ಲಿಂದಲೇ. “ಏನ್ ಮುರೀತು ಅಂದಾ?”

“ಮೊಣಕಾಲು, ಆಯಿ.”

“ಮೊಣಕಾಲಾ?” ರುದ್ರವ್ವ ಎದ್ದು ನಿಂತಳು. “ಮೂರು ತಿಂಗಳಾತು ಇವನ ಬೆನ್ನು ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋಗ್ಯಾವ! ಇಂವಗರ ಬಾಯಿ ಇದ್ದಿಲ್ಲ? ನಿನಗರ ಕಿವಿ ಇದ್ದಿಲ್ಲ? ಯಾವ ಕಾಲು, ಕೇಳು.”

ಶೆಟ್ಟೆಪ್ಪನವರು ಬಹಳ ಎಚ್ಚರಿಕೆಯಿಂದ, ನಾಣಿಯನ್ನು ಎರಡು ಸಲ ಕೇಳಿಕೊಂಡು, ಸಾಹೇಬರನ್ನು ಕೇಳಿದರು. ಎಡಗಾಲು ಎಂದು ಉತ್ತರ ಬಂತು.

“ಕುಂದ್ರು” ಎಂದಳು ರುದ್ರವ್ವ.

ಇದನ್ನು ಯಾರೂ ಭಾಷಾಂತರಿಸಲಿಲ್ಲ. ಸಾಹೇಬರು ಹುಲ್ಲಿನ ಮೇಲೆ ಕುಳಿತು, ಕಾಲುಚೀಲ ಸರಿಸಿ ಎಡಗಾಲು ಚಾಚಿದರು. ರುದ್ರವ್ವ ಅದನ್ನು ತೊಡೆಯ ಮೇಲೆಳೆದುಕೊಂಡು, ಗಾಯದ ಹಳೆಯ ಗೆರೆಯ ಮೇಲೆ ಬೆರಳಾಡಿಸಿ, “ಹೂಂ” ಎಂದಳು. ಗಡಿಗೆಯಿಂದ ಎಣ್ಣೆ ಅಂಗೈಗೆ ಸುರಿದುಕೊಂಡಳು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಸುತ್ತ ನಲವತ್ತೆಂಟು ಖೋಲಿಯ ಜನ ನಿಂತಿದ್ದೆವು. ಸತ್ಯಮೂರ್ತಿಗಳು ಸಾಹೇಬರ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದಿದ್ದರು. ಆಟ ಮುಗಿದು ಎಷ್ಟೋ ಹೊತ್ತಾಗಿತ್ತು. ಯಾರೊಬ್ಬರೂ ಮನೆಯ ಕಡೆಗೆ ಹೊರಡಲಿಲ್ಲ.